ಅಲಮೇಲುನ ಯಾರು ಕೇಳಿದ್ರು?

ತಿಂಗಳ ಮೊದಲ ವಾರ ಕೇಬಲ್ ಬಾಡಿಗೆ ವಸೂಲಿಗೆ ಹೊರಟರೆ ದುಡ್ಡಿಗಿಂತ ಮೊದಲು ಸಿಗುತ್ತಿದ್ದುದು ಜನರ ಅಭಿಪ್ರಾಯ. ‘ಮೂರನೇ ಚಾನೆಲ್ ಜುಯ್ ಅಂತೈತೆ’ ಎಂದು ಶುರುವಾದ ಮಾತು ‘ಅವ್ಳು ಅವನ್ನ ಬಿಟ್ಟು ಹೋಗಿದ್ದು ಸರೀನಾ, ನೀನೇ ಹೇಳು’ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಹೊಸದುರ್ಗದಲ್ಲಿ ನಾನು ಕೇಬಲ್ ಎಳೆಯಲು ಶುರು ಮಾಡಿದ್ದು ಉದಯ ಟಿವಿ ಹೊಸದಾಗಿ ಬಂದ ಕಾಲದಲ್ಲಿ, 1994ರ ನಂತರ. ಟಿವಿಎಸ್ ಗಾಡಿಯ ಹಿಂದೆ ಏಣಿ, ಹೆಗಲಲ್ಲಿ ವೈರಿನ ಸುತ್ತು, ಜೇಬಿನಲ್ಲಿ ರಸೀತಿ ಪುಸ್ತಕ. ತೆಂಗಿನ ಗರಿ ಬಿದ್ದು ವೈರು ತುಂಡಾದರೆ ರಾತ್ರಿಯಾದರೂ ಹೋಗಬೇಕು, ಏಕೆಂದರೆ ಧಾರಾವಾಹಿ ತಪ್ಪಿದ ಮನೆಯಲ್ಲಿ ಮರುದಿನ ಬಾಡಿಗೆ ಹುಟ್ಟುವುದಿಲ್ಲ.

ಆ ಕೆಲಸದಿಂದ ನನಗೆ ಒಂದು ಲಾಭವಾಯಿತು. ಒಂದೇ ಕಥೆಯನ್ನು ನೋಡಿದ ಜನ ಅದರ ಬಗ್ಗೆ ಮನೆಯ ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ಮಾತಾಡುವುದನ್ನು ಕೇಳಿದೆ. ಪಡಸಾಲೆಯಲ್ಲಿ ಗಂಡಸರ ಮಾತು ಒಂದು. ಬಾಡಿಗೆ ದುಡ್ಡು ಇರುತ್ತಿದ್ದುದು ಬಹಳ ಮನೆಗಳಲ್ಲಿ ಅಡುಗೆಮನೆಯ ಡಬ್ಬಿಯಲ್ಲಿ. ಅದನ್ನು ತಂದುಕೊಡುತ್ತಾ ಹಿತ್ತಿಲ ಬಾಗಿಲಲ್ಲಿ ಹೆಂಗಸರು ಆಡುತ್ತಿದ್ದ ಮಾತು ಇನ್ನೊಂದು. ಪ್ರೀತಿ, ಅಸೂಯೆಗಳ ವಿಷಯ ಬಂದಾಗ ಈ ಎರಡೂ ಮಾತು ಕೂಡಿದ್ದು ಕಡಿಮೆ. ನಾನು ಇಲ್ಲಿ ಬರೆಯಹೊರಟಿರುವುದು ಅದನ್ನೇ. ಹಾರುವ, ಹೊಡೆಯುವ, ಗೆಲ್ಲುವ ನಾಯಕರ ಕಥೆಯಲ್ಲಿ ಪ್ರೀತಿ ಬಂದರೆ ನಮ್ಮ ಸೀಮೆಯ ಜನ ಯಾರ ಪರ ನಿಲ್ಲುತ್ತಾರೆ ಎನ್ನುವುದನ್ನು.

ನಮ್ಮ ಮಕ್ಕಳಿಗೆ ಮೊದಲ ಸೂಪರ್‌ಹೀರೋ ಎಂದರೆ ಶಕ್ತಿಮಾನ್. 1997ರ ಸೆಪ್ಟೆಂಬರಿನಲ್ಲಿ ದೂರದರ್ಶನದಲ್ಲಿ ಶುರುವಾದ ಆ ಧಾರಾವಾಹಿ 2005ರವರೆಗೆ ನಡೆಯಿತು. ಭಾನುವಾರ ಮಧ್ಯಾಹ್ನ ಅದು ಬರುವ ಹೊತ್ತಿಗೆ ಬೀದಿಯಲ್ಲಿ ಒಬ್ಬ ಹುಡುಗನೂ ಕಾಣುತ್ತಿರಲಿಲ್ಲ. ಭಾಷೆ ಹಿಂದಿ. ಹೊಸದುರ್ಗದ ಮನೆಗಳಲ್ಲಿ ಹುಡುಗರು ಅರ್ಧ ಅರ್ಥ ಮಾಡಿಕೊಂಡು, ಉಳಿದರ್ಧ ತಾವೇ ಕಟ್ಟಿ ಅಜ್ಜಿಯರಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಕಥೆ ಇಷ್ಟು: ಶಕ್ತಿಮಾನ್ ಸಾಮಾನ್ಯ ವೇಷದಲ್ಲಿ ಗಂಗಾಧರ ಎಂಬ ಪೆದ್ದು ಫೋಟೋಗ್ರಾಫರ್. ಅವನ ಜೊತೆ ಪತ್ರಿಕೆಯಲ್ಲಿ ಕೆಲಸ ಮಾಡುವ ವರದಿಗಾರ್ತಿ ಗೀತಾ ವಿಶ್ವಾಸ್. ಅವಳ ಮನಸ್ಸೆಲ್ಲ ಶಕ್ತಿಮಾನ್ ಮೇಲೆ. ಪಕ್ಕದಲ್ಲಿ ಹಲ್ಲು ಬಿಡುತ್ತಾ ನಿಂತ ಗಂಗಾಧರನೇ ಅವನು ಎಂದು ಅವಳಿಗೆ ಗೊತ್ತಿಲ್ಲ.

ಮಕ್ಕಳಿಗೆ ಗೀತಾ ಬಂದರೆ ಬೇಸರ. ಹೊಡೆದಾಟ ನಿಲ್ಲುತ್ತದಲ್ಲ! ಅಜ್ಜಿಯರಿಗೆ ಮಾತ್ರ ಕಥೆ ಶುರುವಾಗುತ್ತಿದ್ದುದೇ ಅಲ್ಲಿಂದ. ನಮ್ಮ ಓಣಿಯ ಅಜ್ಜಿಯೊಬ್ಬರು ಶಕ್ತಿಮಾನ್ ಪಾತ್ರದ ಮುಖೇಶ್ ಖನ್ನಾ ಅವರನ್ನು ಕಂಡೊಡನೆ ಗುರುತಿಸಿದ್ದರು. ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ಚೋಪ್ರಾ ಅವರ ಮಹಾಭಾರತದಲ್ಲಿ ಭೀಷ್ಮನಾಗಿದ್ದವರು ಅವರೇ. ‘ಇವ್ನು ಮದುವೆ ಆಗಲ್ಲ ಕಣಪ್ಪ, ಆವಾಗಲೇ ಆಣೆ ಇಟ್ಟಾನೆ. ಈ ಹುಡುಗಿ ಅಂಬೆ ಆಗ್ತಾಳೆ ನೋಡು’ ಎಂದು ಅವರು ಖಚಿತವಾಗಿ ಹೇಳಿದರು. ಹುಡುಗರು ನಕ್ಕರು. ನಾನು ನಗಲಿಲ್ಲ. ಲೋಕ ಕಾಯುವ ವ್ರತ ಹಿಡಿದವನನ್ನು ಪ್ರೀತಿಸಿದ ಹೆಣ್ಣಿನ ಗತಿ ಏನು ಎನ್ನುವ ಪ್ರಶ್ನೆಯನ್ನು ಆ ಅಜ್ಜಿ ಭೀಷ್ಮನಿಂದ ತಂದು ಶಕ್ತಿಮಾನ್ ಮುಂದೆ ಇಟ್ಟಿದ್ದರು. ಓದು ಬರಹ ಬಾರದವರು, ಹಿಂದಿ ಒಂದಕ್ಷರ ತಿಳಿಯದವರು, ಬರೆದವರ ಮನಸ್ಸನ್ನೇ ಹಿಡಿದಿದ್ದರು.

ಈ ಹೂಟ ಇಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1938ರ ಜೂನ್ ಸಂಚಿಕೆಯ ‘ಆಕ್ಷನ್ ಕಾಮಿಕ್ಸ್’ನಲ್ಲಿ ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡಾಗಲೇ ಅವನ ಜೊತೆ ಲೋಯಿಸ್ ಲೇನ್ ಎಂಬ ವರದಿಗಾರ್ತಿಯೂ ಇದ್ದಳು. ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಕಟ್ಟಿದ ಕಥೆ ಅದು. ಅವಳಿಗೆ ಹಾರುವವನು ಬೇಕು, ಪಕ್ಕದ ಮೇಜಿನ ಕ್ಲಾರ್ಕ್ ಕೆಂಟ್ ಬೇಡ. ಇಬ್ಬರೂ ಒಬ್ಬನೇ ಆದ್ದರಿಂದ ಅವನು ತನಗೆ ತಾನೇ ಸವತಿಯಾದ. ಯೋಚಿಸಿದರೆ ಇದಕ್ಕೊಂದು ಕಾರಣವಿದೆ. ಗುಂಡು ತಾಗದ, ಬೆಂಕಿ ಸುಡದ ಮನುಷ್ಯನನ್ನು ಖಳ ಎಷ್ಟು ಹೊಡೆದರೂ ನೋಡುವವರಿಗೆ ದಿಗಿಲಾಗುವುದಿಲ್ಲ. ಅವನಿಗೆ ನೋವಾಗಬೇಕಾದರೆ ಅವನು ಯಾರನ್ನೋ ಬಯಸಬೇಕು, ಆ ಬಯಕೆ ಕೈಗೂಡಬಾರದು. ಬಲವಿದ್ದವನ ಕಥೆಯಲ್ಲಿ ಪ್ರೀತಿ ಮತ್ತು ಮತ್ಸರ ಬರುವುದು ಈ ಬಾಗಿಲಿನಿಂದ. ಬೆನ್ನ ಮೇಲೆ ಬಟ್ಟೆ ಹಾರಿಸಿಕೊಂಡು ಬರುವವನಾದರೂ ಅಷ್ಟೇ, ಗದೆ ಹಿಡಿದವನಾದರೂ ಅಷ್ಟೇ.

ಗದೆ ಎಂದೆ. ಚಿತ್ರದುರ್ಗದ ಬೆಟ್ಟದ ಮೇಲೆ ಹಿಡಿಂಬೇಶ್ವರ ದೇವಸ್ಥಾನ ಇದೆ. ಹಿಡಿಂಬಾಸುರ ಇದ್ದದ್ದು ಈ ಬೆಟ್ಟದಲ್ಲೇ, ಭೀಮ ಅವನನ್ನು ಕೊಂದದ್ದೂ ಇಲ್ಲೇ ಎಂಬುದು ಸ್ಥಳಪುರಾಣ. ರಾಕ್ಷಸನ ಹಲ್ಲು ಎಂದು ಹೇಳುವ ದೊಡ್ಡ ಮೂಳೆಯೊಂದೂ ಆ ದೇವಸ್ಥಾನದಲ್ಲಿದೆ. ನಮ್ಮ ಕಡೆಯ ಮಕ್ಕಳಿಗೆ ಶಾಲಾ ಪ್ರವಾಸದಲ್ಲಿ ಮೊದಲು ಕೇಳಿಸುವ ಕಥೆ ಇದು, ಮತ್ತು ಹೇಳುವವರೆಲ್ಲ ಭೀಮನ ಹೊಡೆದಾಟಕ್ಕೇ ಬೇಗ ಓಡುತ್ತಾರೆ. ಮಹಾಭಾರತದಲ್ಲಿ ಅದಕ್ಕೂ ಮುಂಚೆ ನಡೆದದ್ದು ಬೇರೆ. ಮಲಗಿದ ಪಾಂಡವರನ್ನು ಕೊಂದು ತಾ ಎಂದು ಅಣ್ಣ ಕಳಿಸಿದ ಹಿಡಿಂಬಿ, ಕಾವಲು ಕೂತ ಭೀಮನನ್ನು ನೋಡಿ ಮನಸ್ಸು ಕೊಡುತ್ತಾಳೆ. ಅಣ್ಣ ಸತ್ತ ಮೇಲೆ ನೇರವಾಗಿ ಕುಂತಿಯ ಮುಂದೆ ನಿಂತು, ನಿಮ್ಮ ಮಗನನ್ನು ಬಯಸಿದ್ದೇನೆ, ನನ್ನನ್ನು ಕೈಬಿಡಬೇಡಿ ಎಂದು ತನ್ನ ಬಾಯಿಂದ ಕೇಳುತ್ತಾಳೆ. ಧರ್ಮರಾಯ ಷರತ್ತು ಹಾಕಿ ಒಪ್ಪುತ್ತಾನೆ. ಘಟೋತ್ಕಚ ಹುಟ್ಟುತ್ತಾನೆ. ಆ ಹಲ್ಲಿನ ಮುಂದೆ ನಿಂತು ಯಾರಾದರೂ ಹಿಡಿಂಬಿಯ ಈ ಮಾತನ್ನು ಮಕ್ಕಳಿಗೆ ಹೇಳಿದರೆ ಚೆನ್ನ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಆದರೆ ಪ್ರೀತಿ, ಮತ್ಸರಗಳ ವಿಷಯದಲ್ಲಿ ನಮ್ಮ ಜಿಲ್ಲೆಯನ್ನು ಎರಡು ಪಾಲು ಮಾಡುವ ಶಕ್ತಿ ಇರುವುದು ಶಕ್ತಿಮಾನ್‌ಗೂ ಅಲ್ಲ, ಭೀಮನಿಗೂ ಅಲ್ಲ, ‘ನಾಗರಹಾವು’ ಚಿತ್ರದ ರಾಮಾಚಾರಿಗೆ. ಆ ಚಿತ್ರ 1972ರ ಡಿಸೆಂಬರ್ ಕೊನೆಯಲ್ಲಿ ತೆರೆಗೆ ಬಂದಾಗ ನಾನು ಸಣ್ಣವನು. ಅದು ನನಗೆ ನಿಜವಾಗಿ ದಕ್ಕಿದ್ದು ಟಿವಿಯಲ್ಲಿ. ಟಿವಿಯಲ್ಲಿ ನಾಗರಹಾವು ಇದೆ ಎಂದರೆ ಆ ದಿನ ನನಗೆ ರಜೆ ಇಲ್ಲ. ಯಾವ ಬೀದಿಯಲ್ಲಿ ಆಂಪ್ಲಿಫೈಯರ್ ಕೈಕೊಟ್ಟರೂ ಜನ ಮನೆ ಬಾಗಿಲಿಗೆ ಬರುತ್ತಿದ್ದರು. ಕಾರಣ ಸ್ಪಷ್ಟ: ಅದು ನಮ್ಮ ಕೋಟೆ, ನಮ್ಮ ಬಂಡೆ. ಎನ್. ವೀರಾಸ್ವಾಮಿ ನಿರ್ಮಾಣ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ. ಸಂಪತ್‌ಕುಮಾರ್ ಎಂಬ ಹುಡುಗ ರಾಮಾಚಾರಿಯಾಗಿ ನಟಿಸಿ ವಿಷ್ಣುವರ್ಧನ್ ಆದದ್ದು, ಅಂಬರೀಷ್ ಜಲೀಲನಾಗಿ ಮೊದಲ ಸಲ ಮುಖ ತೋರಿಸಿದ್ದು ಈ ಚಿತ್ರದಲ್ಲಿ. ಕಥೆ ತ.ರಾ. ಸುಬ್ಬರಾಯರದು, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಒಂದು ಚಿತ್ರ ಮಾಡಿದರು. ತ.ರಾ.ಸು. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಹಾಗಾಗಿ ಬರೆದವರೂ ನಮ್ಮವರೇ.

ರಾಮಾಚಾರಿಗೆ ಹಾರಲು ಬಾರದು. ಆದರೂ ಕೋಟೆಯ ನೆತ್ತಿಯಲ್ಲಿ ಅವನು ಕೈಚಾಚಿ ನಿಂತು ಕೂಗಿದಾಗ ನಮ್ಮ ಹುಡುಗರ ಮೈ ಜುಮ್ಮೆನ್ನುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗರಡಿಯ ಮೈ, ಸಹಿಸದ ಸ್ವಭಾವ, ಒಬ್ಬ ಮೇಷ್ಟ್ರ ಮಾತಿಗೆ ಮಾತ್ರ ತಲೆಬಾಗುವ ಮನಸ್ಸು. ನಮ್ಮ ಸೀಮೆಗೆ ಸೂಪರ್‌ಹೀರೋ ಅಂತ ಒಬ್ಬ ಇದ್ದರೆ ಇವನೇ.

ಜಗಳಕ್ಕೆ ಕಾರಣವಾಗುವ ಭಾಗ ಇದು. ಗೆಳೆಯ ವರದನ ತಂಗಿ ಅಲಮೇಲುವನ್ನು ಜಲೀಲ ಕಾಡುತ್ತಾನೆ. ವರದ ಪುಕ್ಕಲ, ರಾಮಾಚಾರಿಯ ಸಹಾಯ ಬೇಡುತ್ತಾನೆ. ರಾಮಾಚಾರಿಗೂ ಅಲಮೇಲು ಮೇಲೆ ಪ್ರೀತಿ. ಜಲೀಲನನ್ನು ಸದೆಬಡಿದರೆ ತಂಗಿಯನ್ನು ನಿನಗೇ ಕೊಡುತ್ತೇನೆ ಎಂದು ವರದ ಮಾತು ಕೊಡುತ್ತಾನೆ. ಹೊಡೆದಾಟ ಆಗುತ್ತದೆ, ರಾಮಾಚಾರಿ ಗೆಲ್ಲುತ್ತಾನೆ. ಅಲಮೇಲುವಿಗೂ ಅವನು ಮೆಚ್ಚಿಗೆಯಾಗುತ್ತಾನೆ. ನಿಧಾನಗತಿಯಲ್ಲಿ ತೆಗೆದ ಆ ಹೆಸರಾಂತ ಹಾಡಿನಲ್ಲಿ ಅಲಮೇಲುವಾಗಿ ಆರತಿ ಬಂಡೆಗಳ ನಡುವೆ ಸೆರಗು ಹಾರಿಸಿಕೊಂಡು ತೇಲಿಬರುವಾಗ ಹೊಸದುರ್ಗದ ಎಷ್ಟೋ ಮನೆಗಳಲ್ಲಿ ಮಾತು ನಿಲ್ಲುತ್ತಿತ್ತು. ಆಮೇಲೆ ವರದ ಮಾತು ತಪ್ಪುತ್ತಾನೆ. ಚಾಮಯ್ಯ ಮೇಷ್ಟ್ರು ಬಂದು, ಪ್ರೀತಿಯನ್ನು ತ್ಯಾಗ ಮಾಡು ಎಂದು ರಾಮಾಚಾರಿಯನ್ನು ಒಪ್ಪಿಸುತ್ತಾರೆ. ಅಲಮೇಲುವಿಗೆ ಬೇರೆ ಮದುವೆಯಾಗುತ್ತದೆ. ಮುಂದೊಂದು ದಿನ ದೊಡ್ಡ ಹೋಟೆಲಿನಲ್ಲಿ ರಾಮಾಚಾರಿ ಅವಳನ್ನು ನೋಡುವಾಗ ಅವಳು ಮೈ ಮಾರುವ ಹೆಣ್ಣಾಗಿದ್ದಾಳೆ. ಗಂಡನೇ ಅವಳನ್ನು ಮಾರಿದ್ದಾನೆ.

ಹಿರಿಯೂರಿನಲ್ಲಿ ನನ್ನ ಸೋದರಮಾವನ ತೆಂಗಿನಕಾಯಿ ವ್ಯಾಪಾರ ಇತ್ತು. ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಸಂಜೆ ಅವರ ಗೆಳೆಯರ ಗುಂಪು ಸೇರುತ್ತಿತ್ತು; ವಾಣಿವಿಲಾಸ ಸಾಗರದ ನೀರಿನ ಮಟ್ಟ, ಕಾಯಿಯ ಧಾರಣೆ ಮುಗಿದ ಮೇಲೆ ಸಿನಿಮಾ. ನಾಗರಹಾವಿನ ಬಗ್ಗೆ ಅವರದು ಒಂದೇ ತೀರ್ಪು: ವರದ ಮೋಸ ಮಾಡಿದ. ‘ಮಾತು ಕೊಟ್ಟು ಕೆಲಸ ಮಾಡಿಸ್ಕಂಡ. ಕೆಲಸ ಆದ ಮೇಲೆ ಕೂಲಿ ಇಲ್ಲ ಅಂದ. ಯಾವನಿಗೆ ಸಿಟ್ಟು ಬರಲ್ಲ?’ ಎಂದು ಮಾವ ಮೇಜು ಗುದ್ದುತ್ತಿದ್ದರು. ಅಲ್ಲಿದ್ದವರೆಲ್ಲ ತಲೆಯಾಡಿಸುತ್ತಿದ್ದರು. ಲೇವಾದೇವಿಯಲ್ಲಿ ಬದುಕಿದ ಜನ, ಮಾತಿಗೆ ತಪ್ಪುವುದು ಅವರ ಪಾಲಿಗೆ ಸಣ್ಣದಲ್ಲ. ಜಲೀಲನ ಮೇಲಿನ ರಾಮಾಚಾರಿಯ ಉರಿಯನ್ನೂ, ಮುಂದೆ ಇಡೀ ಊರಿನ ಮೇಲೆ ಅವನು ಕಾರುವ ವಿಷವನ್ನೂ ಅವರು ಹೊಟ್ಟೆಕಿಚ್ಚು ಎಂದು ಕರೆಯುತ್ತಿರಲಿಲ್ಲ. ಛಲ ಎನ್ನುತ್ತಿದ್ದರು. ದುರ್ಗದವರಿಗೆ ಛಲ ಎಂದರೆ ಪಾಳೆಯಗಾರರ ಕಾಲದಿಂದ ಬಂದ ಆಸ್ತಿ. 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದರೂ ಮದಕರಿ ನಾಯಕನನ್ನು ಸೋತವನು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅದೇ ಕಣ್ಣಿನಿಂದ ರಾಮಾಚಾರಿಯನ್ನೂ ನೋಡುತ್ತಾರೆ.

ಮಾವನ ನ್ಯಾಯದಲ್ಲಿ ನನಗೆ ಒಂದು ಮುಳ್ಳು ಚುಚ್ಚುತ್ತಿತ್ತು, ಆದರೆ ಅದು ಏನೆಂದು ಬಿಡಿಸಿ ಹೇಳಿದ್ದು ಹೊಳಲ್ಕೆರೆ ಕಡೆಯ ಹೆಂಗಸರು. ಅಡಿಕೆ ಸುಗ್ಗಿ. ನೆಂಟರ ತೋಟದ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯಲು ಸುತ್ತಲ ಹೆಂಗಸರು ಕೂಡಿದ್ದರು. ಅಂಗಳದಲ್ಲಿ ದೊಡ್ಡ ಬಲ್ಬು, ಹಸಿ ಅಡಿಕೆಯ ರಾಶಿ, ಕತ್ತಿಯ ಮಣೆಯ ಮೇಲೆ ಕಾಲೂರಿ ಕೂತ ಸಾಲು. ಬೇಸರ ಕಳೆಯಲಿ ಎಂದು ಮನೆಯವರು ಟಿವಿಯನ್ನು ಜಗಲಿಗೆ ತಂದಿಟ್ಟಿದ್ದರು. ವೈರು ಎಳೆದುಕೊಟ್ಟವನು ನಾನು. ಅಂದು ನಾಗರಹಾವು. ಸುಲಿಯುವವರು ತೆರೆಯನ್ನು ಎಡೆಬಿಡದೆ ನೋಡುವಂತಿಲ್ಲ, ಬೆರಳು ಹೋಗುತ್ತದೆ. ಹೀಗಾಗಿ ಅವರು ಚಿತ್ರವನ್ನು ಹೆಚ್ಚಾಗಿ ಕಿವಿಯಿಂದ ನೋಡುತ್ತಿದ್ದರು. ಬಹುಶಃ ಅದಕ್ಕೇ, ಯಾರು ಮಾತಾಡುತ್ತಿದ್ದಾರೆ, ಯಾರು ಮಾತಾಡುತ್ತಿಲ್ಲ ಎನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ತಿಳಿಯಿತು.

ಮೇಷ್ಟ್ರು ರಾಮಾಚಾರಿಯನ್ನು ತ್ಯಾಗಕ್ಕೆ ಒಪ್ಪಿಸುವ ದೃಶ್ಯ ಮುಗಿಯಿತು. ಜಗಲಿಯ ಮೇಲಿದ್ದ ಗಂಡಸರೊಬ್ಬರು ‘ಪಾಪ’ ಎಂದು ಉಸಿರುಬಿಟ್ಟರು. ಅಂಗಳದಿಂದ, ಅಡಿಕೆಯಿಂದ ಕಣ್ಣೆತ್ತದೆ, ಐವತ್ತು ದಾಟಿದ ಹೆಣ್ಣುಮಗಳೊಬ್ಬರು ಕೇಳಿದರು: ‘ಅಣ್ಣ ಮಾತು ಕೊಟ್ಟ, ಅಣ್ಣನೇ ತಪ್ಪಿದ. ಮೇಷ್ಟ್ರು ಕೇಳಿದ್ರು, ರಾಮಾಚಾರಿ ಬಿಟ್ಟುಕೊಟ್ಟ. ಅಲಮೇಲುನ ಯಾರು ಕೇಳಿದ್ರು?’

ಯಾರೂ ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಸೊಸೆಯಂಥ ಹುಡುಗಿ ಮಾತನ್ನು ಎತ್ತಿಕೊಂಡಳು. ಜಲೀಲ ದಾರಿಗೆ ಅಡ್ಡ ಬಂದಾಗ ಅವಳಿಗೆ ಬೇಕಾಗಿದ್ದು ನೆಮ್ಮದಿಯಿಂದ ಬೀದಿಯಲ್ಲಿ ನಡೆಯುವುದು. ಅದಕ್ಕೆ ಬದಲಾಗಿ ಅವಳನ್ನೇ ಪಂದ್ಯಕ್ಕೆ ಇಟ್ಟರು ಎಂದಳು. ‘ಇವರಿಬ್ಬರ ಹೊಡೆದಾಟದಾಗೆ ಅವ್ಳು ಟಗರಿನ ಕಾಳಗದ ಇನಾಮು ಆದ್ಲು’ ಎಂದು ಇನ್ನೊಬ್ಬರು ಸೇರಿಸಿದರು. ಒಬ್ಬ ಮುದುಕಿ ಮಾತ್ರ ಒಪ್ಪಲಿಲ್ಲ. ರಾಮಾಚಾರಿ ಗಟ್ಟಿಯಾಗಿ ನಿಂತಿದ್ದರೆ ಅವಳ ಬಾಳು ಹಾಳಾಗುತ್ತಿರಲಿಲ್ಲ, ತಪ್ಪೆಲ್ಲ ಮೇಷ್ಟ್ರದೇ ಎಂದು ಅವರ ವಾದ. ಮೇಷ್ಟ್ರ ಮೇಲೆ ಅವರಿಗಿದ್ದ ಸಿಟ್ಟು ಸಣ್ಣದಾಗಿರಲಿಲ್ಲ. ಅಶ್ವತ್ಥ್ ಅವರ ಆ ಪಾತ್ರವನ್ನು ಗುರುವಿನ ಮಾದರಿ ಎಂದು ಶಾಲೆಗಳಲ್ಲಿ ಹೇಳುವುದನ್ನು ಕೇಳಿದವನು ನಾನು; ಅಡಿಕೆ ಅಂಗಳದಲ್ಲಿ ಅವರು ಆರೋಪಿಯಾಗಿ ನಿಂತಿದ್ದರು.

ಅಷ್ಟರಲ್ಲಿ ಮೊದಲು ಪ್ರಶ್ನೆ ಕೇಳಿದ ಹೆಣ್ಣುಮಗಳು ಇನ್ನೊಂದು ಮಾತು ಹೇಳಿದರು. ಅದನ್ನು ಕೇಳಿದ ಮೇಲೆ ನನಗೆ ಆ ಚಿತ್ರವನ್ನು ಮೊದಲಿನಂತೆ ನೋಡಲು ಆಗಲೇ ಇಲ್ಲ. ಓಬವ್ವ ಯಾರನ್ನು ಕೇಳಿ ಒನಕೆ ಎತ್ತಿದಳು ಎಂದರು ಅವರು. ಇದೇ ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಬರುತ್ತಾರೆ. ಹೈದರಾಲಿಯ ಮುತ್ತಿಗೆಯ ಕಾಲ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರಲು ಹೋದವಳಿಗೆ ಬಂಡೆಯ ಕಿಂಡಿಯಿಂದ ಶತ್ರುಗಳು ನುಸುಳುವುದು ಕಾಣುತ್ತದೆ. ಊಟದ ನಡುವೆ ಗಂಡನನ್ನು ಎಬ್ಬಿಸುವುದಿಲ್ಲ, ಅಪ್ಪಣೆ ಕೇಳುವುದಿಲ್ಲ. ತಲೆ ಹೊರಬಂದಂತೆ ಒಂದೊಂದಾಗಿ ಜಜ್ಜುತ್ತಾಳೆ. ಆ ಹಾಡಿಗೆ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಇಂದಿಗೂ ಶಾಲೆಯ ವಾರ್ಷಿಕೋತ್ಸವದಲ್ಲಿ ಕಚ್ಚೆ ಕಟ್ಟಿ ಕುಣಿಯುತ್ತಾರೆ. ಓಬವ್ವನ ಕಿಂಡಿಗೆ ಕೈಮುಗಿಯದೆ ಯಾರೂ ಕೋಟೆ ಇಳಿಯುವುದಿಲ್ಲ. ಅದೇ ಚಿತ್ರ, ಅದೇ ಬಂಡೆ. ಒಬ್ಬಳು ಯಾರನ್ನೂ ಕೇಳದೆ ಮಾಡಿದ್ದಕ್ಕೆ ದೇವರಾದಳು, ಇನ್ನೊಬ್ಬಳನ್ನು ಯಾರೂ ಕೇಳದೆ ಮದುವೆ ಮಾಡಿ ಕಳಿಸಿದರು. ಹಿಡಿಂಬಿಯೂ ಆ ಬೆಟ್ಟದವಳೇ ಅಲ್ಲವೇ? ತನಗೆ ಬೇಕಾದವನನ್ನು ಬಾಯಿಬಿಟ್ಟು ಕೇಳಿದವಳು. ರಾಕ್ಷಸಿಗೆ ಇದ್ದ ಆ ಅವಕಾಶ ಕಾಲೇಜಿಗೆ ಹೋಗುವ ಹುಡುಗರ ಕಾಲದ ಅಲಮೇಲುವಿಗೆ ಏಕೆ ಇಲ್ಲದಾಯಿತು ಎಂದು ಯೋಚಿಸಿದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಪುಟ್ಟಣ್ಣನವರನ್ನು ಇದಕ್ಕಾಗಿ ಸುಮ್ಮನೆ ದೂರಲು ನನಗೆ ಮನಸ್ಸಿಲ್ಲ. ‘ಗೆಜ್ಜೆಪೂಜೆ’ (1969), ‘ಶರಪಂಜರ’ (1971) ಮಾಡಿದವರು ಅವರು. ಹೆಣ್ಣಿನ ಒಳಗುದಿಯನ್ನು ಅವರಷ್ಟು ಹತ್ತಿರದಿಂದ ತೋರಿಸಿದ ನಿರ್ದೇಶಕರು ನಮ್ಮಲ್ಲಿ ಎಷ್ಟು ಜನ? ಅಲಮೇಲುವಿನ ಪಾಡನ್ನು ಹೋಟೆಲಿನ ಆ ದೃಶ್ಯದವರೆಗೆ ತಂದು, ನೋಡುವವರ ಎದುರಿಗೆ ನಿಲ್ಲಿಸಿದವರೂ ಅವರೇ. ಅವಳನ್ನು ಹಾಗೇ ಮದುವೆ ಮಾಡಿ ಮರೆತಿದ್ದರೆ ಅಡಿಕೆ ಸುಲಿಯುವವರಿಗೆ ಆ ಪ್ರಶ್ನೆ ಹೊಳೆಯುತ್ತಿತ್ತೋ ಇಲ್ಲವೋ. ಕಥೆಯ ಒಡೆಯರಿಗೂ ಚಿತ್ರದ ಬಗ್ಗೆ ತಕರಾರಿತ್ತು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎನ್ನುವ ಅರ್ಥದಲ್ಲಿ ತ.ರಾ.ಸು. ಬೇಸರಪಟ್ಟದ್ದು ನಾಡಿಗೆಲ್ಲ ಗೊತ್ತಿರುವ ಸಂಗತಿ. ಚಿತ್ರದುರ್ಗದ ಹಳೆಯ ಓದುಗರು ಈಗಲೂ ಆ ಮಾತನ್ನು ಹಿಡಿದು, ಕಾದಂಬರಿ ಓದಿ ಆಮೇಲೆ ಮಾತಾಡಿ ಎನ್ನುತ್ತಾರೆ. ಹಾವಿಗೆ ಇನ್ನೂ ವಿಷ ಬೇಕಿತ್ತು ಎಂಬುದು ಅವರ ವಾದ. ಅಂಗಳದ ಹೆಂಗಸರ ವಾದ ಬೇರೆಯೇ: ಹಾವಿಗೆ ವಿಷ ಎಷ್ಟಾದರೂ ಇರಲಿ, ಕಚ್ಚಿಸಿಕೊಂಡವಳ ಮಾತೂ ಬರಲಿ.

 

ನಮ್ಮ ಹೊಸದುರ್ಗದವರಿಗೆ ಇಂಥ ವಾದ ಹೊಸದಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಸಾಣೇಹಳ್ಳಿ ನಮ್ಮ ತಾಲ್ಲೂಕಿನದು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಅಲ್ಲಿ ಕಟ್ಟಿದ ಶಿವಸಂಚಾರ ತಂಡ 1997ರಿಂದ ನಾಡೆಲ್ಲ ನಾಟಕ ಆಡುತ್ತಿದೆ. ವರ್ಷಕ್ಕೊಮ್ಮೆ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆದರೆ ಸುತ್ತಲ ಹಳ್ಳಿಗಳ ಜನ ಟ್ರ್ಯಾಕ್ಟರಿನಲ್ಲಿ ಬಂದು ತುಂಬುತ್ತಾರೆ. ಅಲ್ಲಿಂದ ವಾಪಸು ಬರುವಾಗ ಟ್ರ್ಯಾಕ್ಟರಿನ ತುಂಬ ಚರ್ಚೆ. ಕುರುಕ್ಷೇತ್ರ ನಾಟಕಕ್ಕೆ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಬಳಿ ಕಲಿತು ಕರ್ಣನ ಪಾತ್ರ ಕಟ್ಟುವ ರೈತರು ನಮ್ಮಲ್ಲಿದ್ದಾರೆ. ಇಂಥ ಜನ ಟಿವಿಯ ಮುಂದೆ ಕೂತಾಗ ಬರೀ ನೋಡುವುದಿಲ್ಲ, ನ್ಯಾಯ ಹೇಳುತ್ತಾರೆ.

ಆ ನ್ಯಾಯವನ್ನು ಕೇಳಿಸಿಕೊಳ್ಳುವ ಯಂತ್ರ ಮಾತ್ರ ಯಾರ ಬಳಿಯೂ ಇಲ್ಲ. ಟಿಆರ್‌ಪಿ ಎಂದು ಎಲ್ಲರೂ ಕೇಳಿರುತ್ತೀರಿ. ಆಯ್ದ ಕೆಲವು ಮನೆಗಳ ಟಿವಿಗೆ ಮೀಟರ್ ಹಾಕಿ, ಯಾವ ಹೊತ್ತಿಗೆ ಯಾವ ಚಾನೆಲ್ ಓಡುತ್ತಿತ್ತು ಎಂದು ಲೆಕ್ಕ ಹಿಡಿಯುವ ವ್ಯವಸ್ಥೆ ಅದು. 2015ರಲ್ಲಿ ಆ ಲೆಕ್ಕ ಹಿಡಿಯುವ ಬಾರ್ಕ್ ಸಂಸ್ಥೆ ಹಳ್ಳಿಗಳನ್ನೂ ಸೇರಿಸಿಕೊಳ್ಳುವವರೆಗೆ ಹಳ್ಳಿಯ ಮನೆಗಳು ಆ ಲೆಕ್ಕದಲ್ಲೇ ಇರಲಿಲ್ಲ. ಸೇರಿದ ಮೇಲೂ ಮೀಟರಿಗೆ ತಿಳಿಯುವುದು ಯಾವ ಚಾನೆಲ್ ಓಡುತ್ತಿತ್ತು, ಅದರ ಮುಂದೆ ಯಾರು ಕೂತಿದ್ದರು ಎನ್ನುವುದಷ್ಟೇ. ನೋಡಿದವರು ಕಣ್ಣೀರು ಹಾಕಿದರೇ, ಬೈದರೇ, ಅಡಿಕೆ ಸುಲಿಯುತ್ತಾ ಪ್ರಶ್ನೆ ಕೇಳಿದರೇ ಅದಕ್ಕೆ ಗೊತ್ತಾಗದು. ಸಿಟ್ಟಿನಿಂದ ನೋಡಿದವರೂ ಮೆಚ್ಚಿ ನೋಡಿದವರೂ ಅಲ್ಲಿ ಒಂದೇ.

2016ರಲ್ಲಿ ಜೀ ಕನ್ನಡದಲ್ಲಿ ‘ನಾಗಿಣಿ’ ಶುರುವಾದಾಗ ಇದು ನನಗೆ ಇನ್ನೂ ಸ್ಪಷ್ಟವಾಯಿತು. ಬೇಕಾದ ರೂಪ ತಾಳುವ ಹಾವಿನ ಹೆಣ್ಣು ಅಮೃತಾ, ಸೇಡು ತೀರಿಸಲು ಬಂದ ಮನೆಯ ಹುಡುಗ ಅರ್ಜುನನನ್ನೇ ಪ್ರೀತಿಸುತ್ತಾಳೆ. ದೀಪಿಕಾ ದಾಸ್, ದೀಕ್ಷಿತ್ ಶೆಟ್ಟಿ ಆ ಪಾತ್ರಗಳಲ್ಲಿ ಮನೆಮಾತಾದರು. ಅಂದರೆ ಶಕ್ತಿ ಈಗ ಹೆಣ್ಣಿನ ಕೈಗೆ ಬಂದಿತ್ತು. ಹಾವಿನ ಸಿಟ್ಟು ಗಂಡಿನಲ್ಲಿ ಇದ್ದಾಗ ಛಲ ಎನ್ನುತ್ತಿದ್ದ ಪಡಸಾಲೆಗಳು ಅಮೃತಾ ಕಣ್ಣು ಕೆಂಪು ಮಾಡಿದಾಗ ‘ಹೆಣ್ಣಿಗೆ ಇಷ್ಟು ಸಿಟ್ಟು ಆಗಬಾರದು’ ಎಂದವು. ನಾನೇ ಕೇಳಿಸಿಕೊಂಡ ಮಾತು ಇದು, ಒಂದೆರಡು ಮನೆಗಳಲ್ಲಲ್ಲ. ಅಡುಗೆಮನೆಗಳಲ್ಲಿ ಬೇರೆ ಮಾತಿತ್ತು. ಅವಳು ಸೇಡನ್ನೂ ಬಿಡದೆ ಪ್ರೀತಿಯನ್ನೂ ಬಿಡದೆ ಒದ್ದಾಡುವುದು ಅಲ್ಲಿನವರಿಗೆ ಸಹಜವಾಗಿ ಕಂಡಿತ್ತು. ಹುಡುಗಿಯರಿಗೆ ಅವಳ ಸೀರೆ, ಬಳೆಗಳ ಮೇಲೂ ಕಣ್ಣಿತ್ತು ಅನ್ನಿ. ಆದರೆ ಹಿರಿಯೂರಿನ ನನ್ನ ಅತ್ತೆ, ಮಾವ ಮೇಜು ಗುದ್ದಿದಾಗಲೆಲ್ಲ ಸುಮ್ಮನಿದ್ದವರು, ನಾಗಿಣಿ ಬರುವ ಹೊತ್ತಿಗೆ ರಿಮೋಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ‘ಇವಳು ತನಗೇನು ಬೇಕು ಅಂತ ಹೇಳ್ತಾಳೆ. ಅದಕ್ಕೇ ನೋಡ್ತೀನಿ’ ಎಂದು ನನಗೆ ಹೇಳಿದರು. ಟಿಆರ್‌ಪಿ ಪಟ್ಟಿಯಲ್ಲಿ ಈ ಕಾರಣ ಎಲ್ಲೂ ಬರುವುದಿಲ್ಲ. ಧಾರಾವಾಹಿ ಬರೆಯುವವರು ಯಾರಾದರೂ ಓದುತ್ತಿದ್ದರೆ, ಇದನ್ನು ನಿಮಗಾಗಿ ಬರೆದಿದ್ದೇನೆ.

2018ರ ಜುಲೈನಲ್ಲಿ ನಾಗರಹಾವು ಹೊಸ ಬಣ್ಣ, ಹೊಸ ಧ್ವನಿಯೊಂದಿಗೆ ಚಿತ್ರಮಂದಿರಗಳಿಗೆ ಮರಳಿತು. ಆಗ ಚಿತ್ರದುರ್ಗದಲ್ಲಿ ಓದುತ್ತಿದ್ದ ಮಗಳು ಗೆಳೆಯ ಗೆಳತಿಯರೊಂದಿಗೆ ನೋಡಿ ಬಂದಳು. ಮುಂದಿನ ಭಾನುವಾರ ಅವರೆಲ್ಲ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಮುದ್ದೆ ಮುಗಿದು ಅನ್ನಕ್ಕೆ ಬರುವಷ್ಟರಲ್ಲಿ ಜಗಳ ಶುರುವಾಗಿತ್ತು. ಹುಡುಗರ ಚಿಂತೆ ಅಲಮೇಲುವಿನ ನಂತರ ರಾಮಾಚಾರಿ ಪ್ರೀತಿಸುವ ಮಾರ್ಗರೆಟ್ ಬಗ್ಗೆ. ಧರ್ಮ ಬೇರೆ ಎಂದು ಮೇಷ್ಟ್ರು ಆ ಪ್ರೀತಿಗೂ ಅಡ್ಡ ನಿಂತದ್ದು, ಬಂಡೆಯಿಂದ ಬಿದ್ದದ್ದು, ಆಮೇಲೆ ಅವರಿಬ್ಬರೂ ಹಾರಿದ್ದು, ಇದೆಲ್ಲ ಬೇಕಿತ್ತೇ ಎಂದು ಅವರ ಪ್ರಶ್ನೆ. ಒಬ್ಬ ಹುಡುಗ ರಾಮಾಚಾರಿಯ ಪರ ಬಲವಾಗಿ ವಾದಿಸಿದ. ಅಲಮೇಲುವಿಗಾಗಿ ಪ್ರಾಣ ಕೊಡಲೂ ಸಿದ್ಧನಿದ್ದವನು ಅವನು, ಅಷ್ಟು ಪ್ರೀತಿ ಈಗ ಯಾರಿಗಿದೆ ಎಂದ.

ನಾನು ಹೊಳಲ್ಕೆರೆಯ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಹುಡುಗ ಸ್ವಲ್ಪ ಯೋಚಿಸಿ, ಆ ಕಾಲದಲ್ಲಿ ಕೇಳುವ ಪದ್ಧತಿ ಇರಲಿಲ್ಲ ಅಂಕಲ್ ಎಂದ. ಮಗಳ ಗೆಳತಿ, ಭರಮಸಾಗರದ ಕಡೆಯ ಹುಡುಗಿ, ತಟ್ಟೆಯಿಂದ ಕೈ ತೆಗೆದು ಅವನ ಕಡೆ ತಿರುಗಿದಳು. ‘ಪದ್ಧತಿ ಬಿಡು. ನೀನಾಗಿದ್ರೆ ಕೇಳ್ತಿದ್ದಾ? ಅವ್ಳು ಬೇಡ ಅಂದಿದ್ರೆ ಸುಮ್ನೆ ಮನೆಗೆ ಹೋಗ್ತಿದ್ದಾ?’

ಹುಡುಗ ಹೋಗುತ್ತಿದ್ದೆ ಎಂದ. ಅವಳು ನಂಬಲಿಲ್ಲ. ಸಾರು ಬಡಿಸಲು ಬಂದ ನನ್ನ ಹೆಂಡತಿ ಅಲ್ಲೇ ಕೂತು ವಾದಕ್ಕೆ ಸೇರಿದಳು. ನಾನು ಅವಳ ಕೈಯಿಂದ ಸೌಟು ತೆಗೆದುಕೊಂಡು ಬಡಿಸತೊಡಗಿದೆ.